ಎಸರಿಗೆ ಇನ್ನೊಂದು ಚೊಂಬು ನೀರು

ಉಪವಾಸದ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಮಾರನೆಯ ಸಂಜೆ, ಪ್ರಾರ್ಥನೆಗೆ ಕೂತ ಸಂತ ಇಸಿದೋರನ ಹೊಲವನ್ನು ದೇವದೂತರು ಉಳುತ್ತಿದ್ದ ಹೊತ್ತಿಗೆ ಸರಿಯಾಗಿ, ನಿರ್ಮಲಾ ಅಡುಗೆಮನೆ ಬಾಗಿಲಿಗೆ ಬಂದು ನಿಂತು ಕೇಳಿಯೇಬಿಟ್ಟಳು.

“ಅತ್ತೆ, ಹೊಲವೇನೋ ದೇವದೂತರು ಉತ್ರು. ಇಸಿದೋರನ ಮನೇಲಿ ಒಲೆ ಮುಂದೆ ಕೂತಿದ್ದೋರು ಯಾರು?”

ಲೂರ್ದಮ್ಮ ಓದುತ್ತಿದ್ದ ಕಥೆಯಿಂದ ತಲೆಯೆತ್ತಿ, ಕನ್ನಡಕದ ಮೇಲಿಂದ ಸೊಸೆಯನ್ನು ನೋಡಿದರು. ಹನ್ನೊಂದು ವರ್ಷದಲ್ಲಿ ಅವರ ಓದನ್ನು ನಡುವೆ ತಡೆದವರು ಒಬ್ಬರೂ ಇರಲಿಲ್ಲ. ಗಂಡ ಚೌರಪ್ಪ ಜಪಸರ ಹಿಡಿದುಕೊಂಡೇ ತೂಕಡಿಸುತ್ತಿದ್ದರು, ಮಗ ಪ್ರಕಾಶ ತೊಡೆಯ ಕೆಳಗೆ ಮೊಬೈಲು ಬಚ್ಚಿಟ್ಟುಕೊಂಡು ಬೆರಳಾಡಿಸುತ್ತಿದ್ದ, ಅದೆಲ್ಲ ಇದ್ದದ್ದೇ. ಆದರೆ ಬಾಯಿಬಿಟ್ಟು ಪ್ರಶ್ನೆ ಕೇಳಿದವರಿರಲಿಲ್ಲ.

“ಹೆಂಡತಿ ಇದ್ದಳಲ್ಲ, ಮರಿಯ. ಅವಳು ನೋಡ್ಕೊಂಡಿರ್ತಾಳೆ,” ಅಂದರು ಲೂರ್ದಮ್ಮ.

“ಅವಳ ಕಥೆ?”

“ಅದು ಈ ಕಥೆಗೆ ಬೇಕಿಲ್ಲ ಕಣಮ್ಮ.”

“ಹಂಗಾದ್ರೆ ಈ ಕಥೆಗೆ ನಾನೂ ಬೇಕಿಲ್ಲ ಬುಡಿ,” ಅಂದವಳೇ ನಿರ್ಮಲಾ, ಬಾಗಿಲ ಪಕ್ಕದಲ್ಲಿದ್ದ ತನ್ನ ಮಣೆಯನ್ನು ಎತ್ತಿಕೊಂಡು ಅಡುಗೆಮನೆಯೊಳಗೆ ಹೋಗಿಬಿಟ್ಟಳು.

ಚೌರಪ್ಪ ಎಚ್ಚರಗೊಂಡು, ಕಥೆ ಮುಗಿಯಿತೆಂದುಕೊಂಡು, “ಆಮೆನ್,” ಅಂದರು.

ಬಿಳಿಗೆರೆಯಿಂದ ಒಂದೂವರೆ ಮೈಲಿ ಒಳಗೆ, ತೆಂಗಿನ ತೋಟಗಳ ನಡುವಿನ ಆ ಸಾಲಿನಲ್ಲಿ ಕ್ರೈಸ್ತರ ಮನೆಗಳು ಮೂರೇ ಮೂರು. ಭಾನುವಾರದ ಪೂಜೆಗೆ ತಿಪಟೂರಿಗೆ ಹೋಗಿ ಬರುತ್ತಾರೆ. ಉಳಿದ ಆರು ದಿನ ಮನೆಯೇ ಚರ್ಚು ಎಂಬುದು ಲೂರ್ದಮ್ಮನವರ ತೀರ್ಮಾನ. ಅವರು ತೀರ್ಮಾನಿಸಿದ ಮೇಲೆ ಮುಗಿಯಿತು. ಕಾನ್ವೆಂಟ್ ಶಾಲೆಯಲ್ಲಿ ಮೂವತ್ತಮೂರು ವರ್ಷ ಪಾಠ ಹೇಳಿದವರು. ಸುತ್ತಮುತ್ತಲ ಊರಿಗೆಲ್ಲ ಅವರು ‘ಲೂರ್ದಮ್ಮ ಮಿಸ್ಸು’, ಮನೆಯಲ್ಲಿ ಗಂಡನಿಗೂ ಮಿಸ್ಸೇ. ಕೆಲಸದಿಂದ ನಿವೃತ್ತರಾದ ವರ್ಷ ಬಿಷಪ್ಪರ ಧರ್ಮಕ್ಷೇತ್ರದ ಮಾಸಪತ್ರಿಕೆಗೆ ತಿಂಗಳಿಗೊಬ್ಬ ಸಂತರ ಚರಿತ್ರೆ ಬರೆಯಲು ಹಿಡಿದರು. ಮನೆಮಂದಿ ಒಟ್ಟಿಗೆ ಕೂತು ಓದಿಕೊಳ್ಳಲಿ ಎಂದೇ ಬರೆದದ್ದು. ಊರವರ ಮನೆಯಲ್ಲಿ ಓದುತ್ತಿದ್ದರೋ ಇಲ್ಲವೋ, ತಮ್ಮ ಮನೆಯಲ್ಲಂತೂ ಏಳು ಗಂಟೆಗೆ ಜಪಸರದ ಪ್ರಾರ್ಥನೆ, ಅದು ಮುಗಿದ ಮೇಲೆ ಸಂತರ ಓದು, ಅದು ಮುಗಿದ ಮೇಲೆ ಊಟ. ಹನ್ನೊಂದು ವರ್ಷ ಒಂದು ದಿನ ತಪ್ಪಿರಲಿಲ್ಲ.

ಈಗ ತಪ್ಪಿತು.

ಶುಕ್ರವಾರ ಸಂಜೆ ಮೊಮ್ಮಗಳು ಜೋವಿಟಾ ಜಪಸರ ಮುಗಿದದ್ದೇ ಎದ್ದು ನಿಂತಳು. ಒಂಬತ್ತು ವರ್ಷದ ಹುಡುಗಿ, ಅಜ್ಜಿಯ ಮೂಗು, ಅಮ್ಮನ ಬಾಯಿ.

“ಕೂತ್ಕೋ, ಓದು ಶುರು ಮಾಡ್ತೀನಿ.”

“ಅಮ್ಮ ಕೂರಲ್ಲ ಅಂದ್ರೆ ನಾನ್ಯಾಕೆ ಕೂರ್ಲಿ? ಹೋಮ್‌ವರ್ಕ್ ಐತೆ ಅಜ್ಜಿ.”

ಸೋಮವಾರ ಪ್ರಕಾಶನಿಗೆ ಅಟ್ಟದಿಂದ ಕಾಯಿ ಇಳಿಸುವ ಕೆಲಸ ನೆನಪಾಯಿತು. ಆ ಕಾಯಿ ಅಟ್ಟದ ಮೇಲೆ ಹತ್ತು ತಿಂಗಳಿಂದ ಒಣಗುತ್ತ ಬಿದ್ದಿತ್ತು, ಇನ್ನೊಂದು ಗಂಟೆ ಬಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಎರಡನೆಯ ವಾರಕ್ಕೆ ಲೂರ್ದಮ್ಮನವರ ಎದುರಿಗೆ ಉಳಿದದ್ದು ಚೌರಪ್ಪ ಒಬ್ಬರೇ, ಅವರೂ ಕಣ್ಣು ಮುಚ್ಚಿಕೊಂಡು.

ಒಂದು ಬೆಳಿಗ್ಗೆ ಚೌರಪ್ಪ ಅಟ್ಟದ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಒಳಗೆ ನೀರಾಡಿದರೆ ಈ ಕಡೆ, ಕೊಬ್ಬರಿ ಗಡಗಡ ಅಂದರೆ ಆ ಕಡೆ. ಲೂರ್ದಮ್ಮ ಕಾಫಿ ತಂದುಕೊಟ್ಟರು.

“ಬುಡೇ ಅತ್ಲಾಗೆ ಮಿಸ್ಸು,” ಅಂದರು ಚೌರಪ್ಪ. “ಜಪಸರ ಒಂದು ಆದ್ರೆ ಸಾಲ್ದಾ? ಕಥೆ ಬುಟ್ಟು ಮನೆ ಉಳಿಸ್ಕೊ. ಸೊಸೆ ಮುಖ ಊದಿಸ್ಕೊಂಡು ಬಡಿಸಿದ್ರೆ ಗಂಟಲಲ್ಲಿ ಇಳಿಯಲ್ಲ ಕಣೇ.”

“ಕಥೆ ಬಿಡಲ್ಲ.”

“ಹಂಗಾದ್ರೆ ಏನು ಮಾಡ್ತೀಯ? ಸ್ಕೂಲಲ್ಲಿ ಮಾಡಿದಂಗೆ ಬೆಂಚ್ ಮೇಲೆ ನಿಲ್ಲಿಸ್ತೀಯಾ?”

“ಮನೆಯನ್ನೂ ಬಿಡಲ್ಲ. ನಿರ್ಮಲನ ಮಣೆ ವಾಪಸ್ ಪಡಸಾಲೆಗೆ ಬರಬೇಕು, ಅವಳೇ ತಂದು ಹಾಕ್ಕೋಬೇಕು. ಇಸಿದೋರರ ಹಬ್ಬ ಮೇ ಹದಿನೈದಕ್ಕೆ. ಅಷ್ಟರೊಳಗೆ ತರಿಸ್ತೀನಿ. ಆಗಲಿಲ್ವಾ, ಅವತ್ತಿಗೆ ಓದು ನಿಲ್ಲಿಸ್ತೀನಿ, ಪತ್ರಿಕೆಗೆ ಬರೆಯೋದೂ ನಿಲ್ಲಿಸ್ತೀನಿ. ಸ್ವಂತ ಮನೆಯವರು ಕೇಳದ ಕಥೆ ಊರಿಗ್ಯಾಕೆ?”

ಚೌರಪ್ಪ ಕೈಯಲ್ಲಿದ್ದ ಕಾಯಿಯನ್ನು ಅಲ್ಲಾಡಿಸುವುದು ಮರೆತು ಹೆಂಡತಿಯ ಮುಖ ನೋಡಿದರು. ನಲವತ್ತನಾಲ್ಕು ವರ್ಷದ ಸಂಸಾರದಲ್ಲಿ ಈ ದನಿ ಮೂರು ನಾಲ್ಕು ಸಲ ಕೇಳಿದ್ದರು. ಕಾಫಿಗೆ ಕೈ ಹಾಕಿದರು.

ಲೂರ್ದಮ್ಮ ತಮ್ಮ ಟ್ರಂಕು ತೆಗೆದು ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡರು. ಇಸಿದೋರನ ಬಗ್ಗೆ ಒಂದರಲ್ಲಿ ಏಳು ಪುಟ, ಇನ್ನೊಂದರಲ್ಲಿ ಹತ್ತು. ಹೆಂಡತಿಯ ಬಗ್ಗೆ ಒಂದು ಸಾಲು: ‘ಈತನ ಪತ್ನಿಯೂ ಪುಣ್ಯವತಿಯಾಗಿದ್ದಳು.’ ಅದೇ ಸಾಲನ್ನು ತಾವೂ ತಮ್ಮ ಕೈಯಾರೆ ಇಳಿಸಿದ್ದರು, ಒಂದು ಅಕ್ಷರ ಬದಲಿಸದೆ. ಭಾನುವಾರ ಪೂಜೆ ಮುಗಿದ ಮೇಲೆ ಫಾದರನ್ನು ಹಿಡಿದುಕೊಂಡರು.

“ಅಯ್ಯೋ, ಆಕೆಯನ್ನೂ ಅವರ ಸ್ಪೇನ್ ನಾಡಲ್ಲಿ ಸಂತಳು ಅಂತಲೇ ಕರೀತಾರಮ್ಮ,” ಅಂದರು ಫಾದರ್. “ಗಂಡ ಒಂದು ದಿನ ಬಡವನೊಬ್ಬನನ್ನ ಮನೆಗೆ ಕರ್ಕೊಂಡು ಬಂದ. ಪಾತ್ರೆ ಖಾಲಿ ಆಗೋಗಿತ್ತು. ಗಂಡನ ಮಾತಿಗೆ ಹೋಗಿ ಮುಚ್ಚಳ ತೆಗೆದು ನೋಡಿದ್ರೆ ತುಂಬಿ ನಿಂತಿತ್ತಂತೆ. ನಿಮಗೆ ಗೊತ್ತಿರಲಿಲ್ವಾ?”

ಊರಿಗೆಲ್ಲ ಸಂತರನ್ನು ಪರಿಚಯ ಮಾಡಿಸುವ ತಾನು ಒಬ್ಬ ಸಂತಳನ್ನು ಒಂದು ಸಾಲಿನಲ್ಲಿ ಮುಗಿಸಿದೆನಲ್ಲಾ ಎಂದು ಲೂರ್ದಮ್ಮನಿಗೆ ನಾಚಿಕೆಯಾಯಿತು. ಬಸ್ಸಿನಲ್ಲಿ ಮನೆಗೆ ಬರುವಷ್ಟರಲ್ಲಿ ಮೊದಲ ಪುಟ ತಲೆಯಲ್ಲಿ ತಯಾರಾಗಿತ್ತು. ಮೂರೇ ದಿನದಲ್ಲಿ ಆರು ಪುಟ ಬರೆದು, ಜೋವಿಟಾಳ ಕೈಯಲ್ಲಿ ಅಡುಗೆಮನೆಗೆ ಕಳಿಸಿದರು.

ಎರಡು ನಿಮಿಷ ಕಳೆದಿರಲಿಲ್ಲ, ಒಳಗಿನಿಂದ ನಗು. ಸಾಧಾರಣ ನಗುವಲ್ಲ; ನಿರ್ಮಲಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಹಾಲು ಕೇಳಲು ಬಂದಿದ್ದ ಪಕ್ಕದ ಮನೆ ರಂಗಮ್ಮನೂ ಸೇರಿಕೊಂಡಿದ್ದಳು. ಲೂರ್ದಮ್ಮ ಎದ್ದು ಹೋದರು.

“ಏನು ನಗೋದು?”

“ಇದನ್ನ ನೋಡಿ ಅತ್ತೆ, ನೀವೇ ಬರ್ದಿರೋದು.” ನಿರ್ಮಲಾ ಕಣ್ಣೊರೆಸಿಕೊಂಡು ಓದಿದಳು. “‘ಮರಿಯಳು ಸಂಜೆಗೇ ಮುದ್ದೆ ಕಟ್ಟಿಟ್ಟು, ಮುಚ್ಚಿಟ್ಟು, ಮೂರು ತಾಸು ಗಂಡನ ದಾರಿ ಕಾಯ್ದಳು.’ ಮೂರು ತಾಸು! ಕಟ್ಟಿಟ್ಟ ಮುದ್ದೆ ಮೂರು ತಾಸಾದ್ರೆ ಏನಾಯ್ತದೆ ಗೊತ್ತಾ?”

“ಎಸೆದ್ರೆ ನಾಯಿ ಸಾಯ್ತದೆ ಕಣವ್ವ,” ಅಂದಳು ರಂಗಮ್ಮ.

“ಉಣ್ಣೋರು ಕೈ ತೊಳ್ಕೊಂಡು ಬಂದ ಮೇಲೆ ಮುದ್ದೆ ತಿರುವೋದು ಅತ್ತೆ. ಅಲ್ಲೀಗಂಟ ಎಸರು ಮಾತ್ರ ಕುದೀತಿರ್ತದೆ. ಹಿಟ್ಟು ಕೂಡ ಹಾಕಂಗಿಲ್ಲ.”

“ಸ್ಪೇನಲ್ಲಿ ರಾಗಿ ಇತ್ತಾ ಅಜ್ಜಿ?” ಅಂದಳು ಜೋವಿಟಾ.

ಲೂರ್ದಮ್ಮ ಹಾಳೆಗಳನ್ನು ಕಿತ್ತುಕೊಂಡು ಬಂದುಬಿಟ್ಟರು. ಅವಮಾನವಾಗಿತ್ತು, ಅದರಲ್ಲಿ ಸುಳ್ಳೇನು. ಮುದ್ದೆ ಸೀಮೆಯಲ್ಲಿ ಅರವತ್ತೊಂಬತ್ತು ವರ್ಷ ಬದುಕಿದ ಹೆಂಗಸು ಮುದ್ದೆ ವಿಷಯದಲ್ಲಿ ತಪ್ಪು ಬರೆಯುವುದೆಂದರೆ! ಆದರೆ ಅವರಾದರೂ ಯಾವಾಗ ಕಲಿತರು? ಮದುವೆಯಾಗಿ ಬಂದ ದಿನದಿಂದ ಶಾಲೆ. ಮನೆಯಲ್ಲಿ ಮುದ್ದೆ ಕೋಲು ಅತ್ತೆಯ ಕೈಯಲ್ಲಿತ್ತು. ಅತ್ತೆ ತೀರಿಕೊಂಡ ವರ್ಷವೇ ನಿರ್ಮಲಾ ಸೊಸೆಯಾಗಿ ಬಂದಳು, ಕೋಲು ಅವಳ ಕೈಗೆ ಹೋಯಿತು. ನಡುವೆ ಲೂರ್ದಮ್ಮನ ಕೈಗೆ ಬರಲೇ ಇಲ್ಲ.

ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆಯಿತು. ಹಬ್ಬದ ದಿನ ಸೊಸೆ ಕೋಳಿಸಾರು ಬಡಿಸಿದಳು, ಎಲ್ಲರೊಡನೆ ನಕ್ಕಳು, ಸಂಜೆ ಓದಿನ ಹೊತ್ತಿಗೆ ಮತ್ತೆ ಒಳಗೆ. ಅದಾಗಿ ವಾರಕ್ಕೆ ಹಾಸನದಿಂದ ಅವಳಿಗೆ ಫೋನು ಬಂತು: ಅಣ್ಣನ ಮಗಳಿಗೆ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಕೊಡಿಸುವ ಹಬ್ಬ, ಐದು ದಿನ ಬಂದು ಇರಬೇಕು.

“ಹೋಗಿ ಬಾ, ಮನೆ ನಾನು ನೋಡ್ಕೋತೀನಿ,” ಅಂದರು ಲೂರ್ದಮ್ಮ. “ಜೋವಿಟಾ ಇಲ್ಲೇ ಇರ್ಲಿ, ನಂಗೆ ಕೈಗೊದಗ್ತಾಳೆ.”

ನಿರ್ಮಲಾ ಒಲೆಯ ಕಡೆ ಒಮ್ಮೆ ನೋಡಿ, ಬ್ಯಾಗು ಎತ್ತಿಕೊಂಡಳು.

ಮೊದಲ ದಿನ ಅನ್ನ ಮಾಡಿದರು. ಚೌರಪ್ಪನಿಗೆ ಸಕ್ಕರೆ ಕಾಯಿಲೆ. “ನಂಗೆ ಮುದ್ದೆನೇ ಆಗ್ಬೇಕು,” ಅಂದರು. ಎರಡನೆಯ ದಿನ ಲೂರ್ದಮ್ಮ ಸೆರಗು ಸಿಕ್ಕಿಸಿಕೊಂಡು, ಒಲೆಗೆ ತೆಂಗಿನ ಚಿಪ್ಪು ಹಾಕಿ, ಎಸರಿಟ್ಟು, ಪಡಸಾಲೆಗೆ ಬಂದರು. ಜಪಸರ ಆಯಿತು. ಚೌರಪ್ಪ ಮಾತ್ರೆ ನುಂಗಿದರು. ಸೊಸೆಯಿಲ್ಲದ ಧೈರ್ಯದಲ್ಲಿ ಜೋವಿಟಾಳನ್ನೂ ಪ್ರಕಾಶನನ್ನೂ ಕೂರಿಸಿಕೊಂಡು ಲೂರ್ದಮ್ಮ ಓದಲು ಶುರುಮಾಡಿದರು. ಬಹಳ ದಿನದ ಮೇಲೆ ನಾಲ್ಕು ಜನ ಕೇಳುಗರು. ನಾಲ್ಕಲ್ಲ, ಮೂರು, ಸಂತೋಷಕ್ಕೆ ತಮ್ಮನ್ನೂ ಎಣಿಸಿಕೊಂಡಿದ್ದರು. ಓದಿನ ಹುಮ್ಮಸ್ಸಿನಲ್ಲಿ ಪುಟ ತಿರುವಿದ್ದೇ ತಿರುವಿದ್ದು.

“ಸೀದ ವಾಸನೆ,” ಅಂದ ಪ್ರಕಾಶ.

ಓಡಿ ಹೋಗಿ ನೋಡಿದರೆ ಎಸರು ಪೂರ್ತಿ ಬತ್ತಿ, ಪಾತ್ರೆಯ ತಳ ಕೆಂಡವಾಗಿತ್ತು. ನೀರು ಸುರಿದರೆ ಚೊಯ್ ಎಂದು ಹಬೆ ಎದ್ದು ಅಡುಗೆಮನೆಯೆಲ್ಲ ತುಂಬಿಕೊಂಡಿತು. ಹೊಸದಾಗಿ ಎಸರಿಡಬೇಕು, ಕುದಿಯಬೇಕು. ಅಷ್ಟರಲ್ಲಿ ಚೌರಪ್ಪನಿಗೆ ಕೈ ನಡುಕ ಬಂತು, ಬೆವರು ಕಿತ್ತುಕೊಂಡಿತು. ಪ್ರಕಾಶ ಬೆಲ್ಲದ ನೀರು ಕುಡಿಸಿ, ಬಾಳೆಹಣ್ಣು ತಿನ್ನಿಸಿ, ಅಪ್ಪನನ್ನು ಗೋಡೆಗೆ ಒರಗಿಸಿದ. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡರು.

“ಅಮ್ಮಾ, ಮಾತ್ರೆ ನುಂಗಿ ಅರ್ಧ ಗಂಟೆಗೆ ಅಪ್ಪ ಉಣ್ಣಬೇಕು. ಗೊತ್ತಿಲ್ವಾ ನಿಂಗೆ?” ಮಗನ ದನಿ ಏರಿತ್ತು.

“ದಿನಾ ಇಷ್ಟು ಹೊತ್ತೇ ಓದ್ತೀನಲ್ಲೋ. ದಿನಾ ಆಗದ್ದು ಇವತ್ತು ಯಾಕಾಯ್ತು?”

“ದಿನಾ ಅಮ್ಮ ಇರ್ತಾಳೆ,” ಅಂದಳು ಜೋವಿಟಾ. “ನೀನು ಜಾಸ್ತಿ ಓದೋ ದಿನ ತಾತಂಗೆ ಮೊದ್ಲೇ ಎರಡು ಇಡ್ಲಿನೋ ಒಂದು ಚಪಾತಿನೋ ಕೈಲಿ ಕೊಟ್ಟಿರ್ತಾಳೆ.”

ಚೌರಪ್ಪ ತಲೆ ತಗ್ಗಿಸಿದರು. ದಿನಾ ಅವರು ಕಣ್ಣು ಮುಚ್ಚಿಕೊಂಡು ಆರಾಮಾಗಿ ಕಥೆ ಕೇಳುತ್ತಿದ್ದದ್ದು ಹೊಟ್ಟೆಗೆ ಬಿದ್ದ ಆ ಇಡ್ಲಿಯಿಂದಲೇ.

“ಎಸರು? ಅದು ಯಾಕೆ ಬತ್ತುತ್ತಿರಲಿಲ್ಲ?”

“ಅಮ್ಮ ನೀರು ಹುಯ್ತಾಳೆ ಅಜ್ಜಿ. ನೀನು ಪುಟ ತಿರುವಿದ ಸದ್ದು ಕೇಳಿದಾಗ್ಲೆಲ್ಲ ಒಂದು ಚೊಂಬು. ಇಸಿದೋರನ ಕಥೆಗೆ ಮೂರು ಚೊಂಬು. ಸಂತ ಅಂತೋಣಿಯವರ ಕಥೆಗೆ ಐದು.”

ಲೂರ್ದಮ್ಮ ಗೋಡೆ ಹಿಡಿದು ನಿಧಾನವಾಗಿ ಕೂತರು. ಹನ್ನೊಂದು ವರ್ಷ. ತಾವು ಬರೆಯಲು ಶುರುಮಾಡಿದ್ದು ಯಾವ ವರ್ಷವೋ ಸೊಸೆ ಈ ಒಲೆ ಮುಂದೆ ಕೂತದ್ದೂ ಅದೇ ವರ್ಷ. ಅತ್ತೆಗೆ ಪುಟ, ಸೊಸೆಗೆ ಚೊಂಬು. ಇದನ್ನು ಮೊಮ್ಮಗಳ ಬಾಯಿಂದ ಕೇಳಬೇಕಾಯಿತಲ್ಲಾ ಎಂದು ಅವರಿಗೆ ಅಳು ಬಂತು, ಅತ್ತರು. ಅತ್ತು, ಮುಖ ತೊಳೆದು, ಹೊಸ ಎಸರಿಟ್ಟು, ಗಂಟುಗಂಟಾದ ಮುದ್ದೆ ತಿರುವಿ ಬಡಿಸಿದರು. ಎಲ್ಲರೂ ಗಂಟು ಆರಿಸಿಟ್ಟುಕೊಂಡು ಉಂಡರು.

ನಿರ್ಮಲಾ ಹಾಸನದಿಂದ ಬಂದವಳು ಮೊದಲು ನೋಡಿದ್ದೇ ಪಾತ್ರೆಯ ತಳವನ್ನು. ಲೂರ್ದಮ್ಮ ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಐದು ಸಲ ಉಜ್ಜಿದ್ದರು, ಕಪ್ಪು ಹೋಗಿರಲಿಲ್ಲ.

“ನಾನೇ ಸುಟ್ಟದ್ದು,” ಅಂದರು. “ಹನ್ನೊಂದು ವರ್ಷ ನೀನು ಸುಡದೆ ಉಳಿಸಿದ್ದನ್ನ ನಾನು ಒಂದೇ ಸಂಜೇಲಿ ಸುಟ್ಟೆ. ಯಾಕೆ ಒಂದು ದಿನವೂ ಹೇಳಲಿಲ್ಲ ನೀನು?”

“ಹೇಳೋಕೆ ನೀವು ಪುಸ್ತಕ ಮಡಚಿದ್ರೆ ತಾನೆ ಅತ್ತೆ.”

“ತಪ್ಪಾಯ್ತು ಕಣಮ್ಮ.”

ನಿರ್ಮಲಾ ಪಾತ್ರೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಅತ್ತೆಯ ಬಾಯಲ್ಲಿ ಆ ಮಾತು ಅವಳು ಎಂದೂ ಕೇಳಿರಲಿಲ್ಲ. ಕಣ್ಣು ತುಂಬಿ ಬಂದರೂ ಸೋಲಲು ಮನಸ್ಸಿರಲಿಲ್ಲ.

“ಕಥೆ ಕೇಳೋಕೆ ನಂಗೂ ಆಸೆ ಅತ್ತೆ. ನಮ್ಮವ್ವ ನಂಗೆ ಮನೆಗೆಲಸ ಮಾಡ್ಕೊಂಡೇ ಸಂತಳಾದ ಜೀತಾಳ ಕಥೆ ಹೇಳೇ ಅನ್ನ ತಿನ್ನಿಸ್ತಿದ್ದದ್ದು. ಇಲ್ಲಿ ಮೊದಲರ್ಧ ಕೇಳ್ತೀನಿ, ಕೊನೆ ಹೊತ್ತಿಗೆ ಒಲೆ ಮುಂದೆ ಇರ್ತೀನಿ. ಇಷ್ಟು ವರ್ಷದಲ್ಲಿ ಒಬ್ಬ ಸಂತರೂ ನಂಗೆ ಪೂರ್ತಿ ಸಿಕ್ಕಿಲ್ಲ.”

“ಇನ್ನು ಸಿಗ್ತಾರೆ. ನಂಗೆ ಮುದ್ದೆ ತಿರುವೋದು ಹೇಳ್ಕೊಡು.”

“ಈ ವಯಸ್ಸಲ್ಲಾ?”

“ಹೇಳ್ಕೊಡ್ತೀಯೋ ಇಲ್ವೋ?”

ಮಾರನೆಯ ದಿನದಿಂದ ಪಾಠ ಶುರುವಾಯಿತು. ಮಿಸ್ಸಿಗೆ ಸೊಸೆ ಮಿಸ್ಸಾದಳು. ಪಾಪ ಚೌರಪ್ಪ, ಎರಡು ವಾರ ಗಂಟು ಮುದ್ದೆ ಉಂಡರು. “ತಪಸ್ಸುಕಾಲ ಮುಗೀತು ಅಂದ್ಕೊಂಡಿದ್ದೆ,” ಎಂದು ತಟ್ಟೆ ನೋಡಿ ನಿಟ್ಟುಸಿರಿಟ್ಟರೆ, “ಕೋಲು ಒತ್ತಿ ಹಿಡೀರಿ ಅತ್ತೆ, ಬರೆಯೋ ಪೆನ್ನಲ್ಲ ಅದು,” ಎಂದು ಒಳಗಿನಿಂದ ನಿರ್ಮಲಾ ಗದರುವುದು ಕೇಳಿಸುತ್ತಿತ್ತು. ಹಗಲು ಹೊತ್ತು ಲೂರ್ದಮ್ಮ ಮರಿಯಳ ಕಥೆಯನ್ನು ಮೊದಲಿನಿಂದ ಬರೆದರು. ಮುದ್ದೆ ತೆಗೆದರು, ಸ್ಪೇನಿನವಳ ಒಲೆಯ ಮೇಲೂ ಎಸರು ಕುದ್ದಿರಲೇಬೇಕು ಎಂದು ಎಸರನ್ನು ಉಳಿಸಿಕೊಂಡು ಪತ್ರಿಕೆಗೆ ಕಳಿಸಿದರು. ಆದರೆ ನಿರ್ಮಲನ ಮಣೆ ಮಾತ್ರ ಒಳಗೇ ಇತ್ತು. ಲೂರ್ದಮ್ಮ ಕೇಳಲಿಲ್ಲ, ಅವಳು ಹೇಳಲಿಲ್ಲ.

ಮೇ ಮೊದಲ ವಾರ ಪತ್ರಿಕೆಯ ಸಂಪಾದಕ ಫಾದರ್ ಫೋನು ಮಾಡಿದರು. ಲೂರ್ದಮ್ಮ ಸ್ಪೀಕರ್ ಹಾಕಿ, ಕೈಗೆ ಅಂಟಿದ್ದ ಹಿಟ್ಟು ಒರೆಸಿಕೊಳ್ಳುತ್ತ ಮಾತಾಡಿದರು.

“ಚೆನ್ನಾಗಿದೆಯಮ್ಮ. ಒಂದು ಕಡೆ ಮಾತ್ರ ತೊಡಕು. ‘ಪಾತ್ರೆ ತುಂಬಿಸಿದ್ದು ದೇವರು, ಅದರ ಕೆಳಗಿನ ಉರಿ ಆರದಂತೆ, ಬರುವವರಿಗಾಗಿ ದಿನದಿನವೂ ಎಸರಿಗೆ ನೀರು ಹುಯ್ದು ಕಾಯ್ದವಳು ಮರಿಯ’ ಅಂತ ಬರೆದಿದ್ದೀರಿ. ಎಸರು ಗಿಸರು ಯಾಕೆ? ಪವಾಡದ ತೂಕ ಕಮ್ಮಿಯಾಗುತ್ತೆ. ಆ ಸಾಲು ತೆಗೆದುಬಿಡೋಣ.”

“ತೆಗೆಯೋದು ಬೇಡ ಫಾದರ್.”

“ಒಂದೇ ಒಂದು ಸಾಲು ತಾನೇ.”

“ಇಷ್ಟು ವರ್ಷ ಆಕೆಗೆ ಸಿಕ್ಕಿದ್ದೇ ಒಂದು ಸಾಲು ಫಾದರ್. ದೇವರು ತುಂಬಿಸಿದ ಅನ್ನೋದ್ರಲ್ಲಿ ನಂಗೇನೂ ಅನುಮಾನ ಇಲ್ಲ. ಖಾಲಿ ಪಾತ್ರೆಯಾದ್ರೂ ಒಲೆ ಮೇಲೆ ಇಡೋಕೆ ಒಬ್ಬಳು ಬೇಕಲ್ಲ? ಹಾಕೋದಾದ್ರೆ ಪೂರ್ತಿ ಹಾಕಿ. ಇಲ್ಲಾಂದ್ರೆ ಬಿಟ್ಟುಬಿಡಿ, ಬೇಜಾರಿಲ್ಲ. ನಮ್ಮ ಮನೇಲಿ ಓದ್ಕೋತೀವಿ.”

“ಹನ್ನೊಂದು ವರ್ಷದಲ್ಲಿ ಒಂದು ತಿಂಗಳು ತಪ್ಪಿಸಿಲ್ಲ ನೀವು. ಅಂಕಣ ನಿಂತುಹೋಗುತ್ತಮ್ಮ.”

“ನಿಲ್ಲಲಿ ಫಾದರ್.”

“ನೋಡೋಣ, ಯೋಚನೆ ಮಾಡ್ತೀನಿ,” ಎಂದು ಫಾದರ್ ಫೋನಿಟ್ಟರು. ಲೂರ್ದಮ್ಮ ತಿರುಗಿ ನೋಡಿದರೆ ನಿರ್ಮಲಾ ಹಾಲಿನ ಕ್ಯಾನು ಹಿಡಿದುಕೊಂಡು ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಹಾಲು ಹಾಕಲು ಡೈರಿಗೆ ಹೋದಳು.

ಹದಿನೈದನೆಯ ತಾರೀಕು ಬಂತು. ಬೆಳಿಗ್ಗೆಯಿಂದ ಲೂರ್ದಮ್ಮನಿಗೆ ಒಂದು ತುತ್ತು ಸೇರಲಿಲ್ಲ. ಆಡಿದ ಮಾತು ಆಡಿಯಾಗಿತ್ತು: ಇವತ್ತು ಮಣೆ ಬರದಿದ್ದರೆ ಓದು ಮುಗಿಯಿತು. ಚೌರಪ್ಪ ಎರಡು ಸಲ, “ಆ ಮಾತು ಮರ್ತುಬುಡೇ, ನಾನೂ ಮರೀತೀನಿ,” ಅಂದರು. ಲೂರ್ದಮ್ಮ ಒಪ್ಪಲಿಲ್ಲ.

ಸಂಜೆ ಏಳಕ್ಕೆ ಜಪಸರ. ನಿರ್ಮಲಾ ಎಂದಿನಂತೆ ನಿಂತುಕೊಂಡೇ ‘ನಮೋ ಮರಿಯ’ ಪ್ರಾರ್ಥನೆ ಹೇಳಿದಳು. ಕೊನೆಯ ಶಿಲುಬೆ ಗುರುತು ಹಾಕಿದ್ದೇ ಲೂರ್ದಮ್ಮ ಎದ್ದು, ಹಾಳೆಗಳನ್ನು ತಮ್ಮ ಕುರ್ಚಿಯ ಮೇಲಿಟ್ಟರು.

“ಇವತ್ತು ಎಸರು ನಂದು,” ಅಂದರು. “ಓದೋದು ಯಾರೋ, ನೀವು ನೀವೇ ನೋಡ್ಕೊಳ್ಳಿ. ರೀ, ನೀವು ಮೊದಲು ಆ ಇಡ್ಲಿ ತಿಂದು ಮಾತ್ರೆ ನುಂಗಿ.”

ಅಡುಗೆಮನೆಗೆ ಹೋಗಿ ಚಿಪ್ಪು ಹೊತ್ತಿಸಿ ಪಾತ್ರೆಯಿಟ್ಟರು, ಅದೇ ಸುಟ್ಟ ತಳದ ಪಾತ್ರೆ. ನೀರು ಹುಯ್ದು, ಒಲೆಗೆ ಮುಖ ಮಾಡಿ ನಿಂತರು. ಹಿಂದಕ್ಕೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಪಡಸಾಲೆಯಲ್ಲಿ ಪ್ರಕಾಶ ಕೆಮ್ಮಿದ. ಜೋವಿಟಾ ಏನೋ ಪಿಸುಗುಟ್ಟಿದಳು. ಆಮೇಲೆ ಬೆನ್ನ ಹಿಂದೆ, ನೆಲದ ಮೇಲೆ, ಮಣೆ ಎಳೆದ ಸದ್ದು. ಸದ್ದು ಅಡುಗೆಮನೆ ದಾಟಿತು, ಬಾಗಿಲು ದಾಟಿತು, ಪಡಸಾಲೆಯ ನಡುವೆ ಹೋಗಿ ನಿಂತಿತು.

“‘ಇಸಿದೋರನ ಹೊಲ ದೇವದೂತರು ಉಳುತ್ತಿದ್ದ ಹೊತ್ತಿನಲ್ಲಿ,’” ಎಂದು ನಿರ್ಮಲಾ ಓದಲು ತೊಡಗಿದಳು, “‘ಮನೆಯಲ್ಲಿ ಮರಿಯ ಒಲೆ ಹೊತ್ತಿಸಿದಳು.’”

ಓದುವ ಅಭ್ಯಾಸ ತಪ್ಪಿತ್ತು; ನಿಧಾನವಾಗಿ, ಬೆರಳಿಟ್ಟುಕೊಂಡು ಓದಿದಳು. ಜೋವಿಟಾ ನಡುವೆ ಎರಡು ಪ್ರಶ್ನೆ ಕೇಳಿದಳು. ಪ್ರಕಾಶನೂ ಒಂದು ಕೇಳಿದ, ಕೇಳಿದ್ದಕ್ಕೆ ತಾನೇ ನಾಚಿಕೊಂಡ. ಬಡವ ಬಾಗಿಲಿಗೆ ಬಂದು ನಿಂತ, ಮರಿಯ ಮುಚ್ಚಳಕ್ಕೆ ಕೈ ಹಾಕಿದಳು. ಎಸರಿನ ಸಾಲು ಬಂತು, ನಿರ್ಮಲಾ ಓದಿದಳು. ಬೆರಳು ಹಿಂದಕ್ಕೆ ತಂದು ಅದನ್ನೇ ಇನ್ನೊಮ್ಮೆ, ಪೂರ್ತಿಯಾಗಿ ಓದಿದಳು.

ಆಮೇಲೆ ಥಟ್ಟನೆ ನಿಲ್ಲಿಸಿ ಒಳಗೆ ಕೂಗಿದಳು.

“ಅತ್ತೆ! ಇನ್ನೂ ಎರಡು ಪುಟ ಐತೆ. ಎಸರು ಬತ್ತೋಯ್ತೇನೋ, ನಿಲ್ಲಿಸ್ಲಾ?”

ಲೂರ್ದಮ್ಮ ಪಾತ್ರೆಯೊಳಗೆ ಇಣುಕಿದರು. ಅರ್ಧಕ್ಕೆ ಇಳಿದಿತ್ತು. ಹಂಡೆಗೆ ಚೊಂಬು ಅದ್ದಿದರು.

“ನೀನು ಓದು ಕಣೇ,” ಅಂದರು. “ನೀರು ನಾನು ಹುಯ್ತೀನಿ.”

ಪಡಸಾಲೆಯಲ್ಲಿ ಪುಟ ತಿರುವಿದ ಸದ್ದಾಯಿತು. ಲೂರ್ದಮ್ಮ ಒಂದು ಚೊಂಬು ಹುಯ್ದರು.